ಟಾಪ್-ಅಪ್ ಎಂಬ ಸಾಕ್ಷ್ಯನಾಶ



ನಮ್ಮ ವಿದ್ಯಾವಂತರ ನಡುವೆ ಬಹಳ ಸಲೀಸಾಗಿ ಓಡಾಡುವ ಒಂದು ಮಾತಿನ ವಿರುದ್ಧ ಇಂದು ಬರೆಯಬೇಕೆನ್ನಿಸಿದೆ. ಆ ಮಾತು ‘ಟಾಪ್-ಅಪ್’. ಕಾರಿನ ಅಡಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದೆಯೇ? ಟಾಪ್-ಅಪ್ ಮಾಡಿಸಿ. ರೇಡಿಯೇಟರಿನ ನೀರು ಇಳಿದಿದೆಯೇ? ಟಾಪ್-ಅಪ್ ಮಾಡಿಸಿ. ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಯನ್ನು ಮುಟ್ಟಿದೆಯೇ? ಅದಕ್ಕೂ ಅದೇ ಮದ್ದು. ತೂತು ಮಡಕೆಗೆ ನೀರು ತುಂಬುವವನನ್ನು ಕಂಡರೆ ನಗುವ ನಾವು, ಹತ್ತು ಲಕ್ಷ ರೂಪಾಯಿಯ ವಾಹನದ ವಿಷಯದಲ್ಲಿ ಅದೇ ಕೆಲಸವನ್ನು ಮಾಡಿ, ಅದಕ್ಕೆ ನಿರ್ವಹಣೆ ಎಂದು ಹೆಸರಿಡುತ್ತೇವೆ.

ನನ್ನ ಆಕ್ಷೇಪವನ್ನು ಮೊದಲಿಗೇ ಸ್ಪಷ್ಟಪಡಿಸುತ್ತೇನೆ. ಇಂಧನವನ್ನೂ, ಗಾಜು ತೊಳೆಯುವ ನೀರನ್ನೂ, ಅಲ್ಪಸ್ವಲ್ಪ ಉರಿದುಹೋಗುವ ಇಂಜಿನ್ ಎಣ್ಣೆಯನ್ನೂ ಬಿಟ್ಟರೆ, ಕಾರಿನ ಮುಖ್ಯ ದ್ರವಗಳು ಖರ್ಚಾಗುವ ಪದಾರ್ಥಗಳಲ್ಲ. ಕೂಲೆಂಟು, ಬ್ರೇಕಿನ ದ್ರವ, ಗೇರ್ ಎಣ್ಣೆ, ಪವರ್ ಸ್ಟೀರಿಂಗಿನ ಎಣ್ಣೆ ಇವೆಲ್ಲ ತಮ್ಮ ತಮ್ಮ ಮನೆಯೊಳಗೇ ಸುತ್ತಾಡಿಕೊಂಡಿರಬೇಕಾದವು. ಅವುಗಳ ಮಟ್ಟ ಇಳಿಯಿತೆಂದರೆ ಅದೊಂದು ಸುದ್ದಿ. ಬ್ರೇಕಿನ ಡಬ್ಬಿಯನ್ನೇ ತೆಗೆದುಕೊಳ್ಳಿ. ಬ್ರೇಕ್ ಪ್ಯಾಡುಗಳು ಸವೆದಂತೆಲ್ಲ ಅವುಗಳನ್ನು ಒತ್ತುವ ಪಿಸ್ಟನ್ನು ಮುಂದೆ ಸರಿಯುತ್ತದೆ, ಅದರ ಹಿಂದೆ ತೆರವಾದ ಜಾಗಕ್ಕೆ ದ್ರವ ಹೋಗುತ್ತದೆ, ಡಬ್ಬಿಯಲ್ಲಿ ಮಟ್ಟ ನಿಧಾನವಾಗಿ ಇಳಿಯುತ್ತದೆ. ಪ್ಯಾಡು ಸವೆಯದೆಯೇ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಎರಡರಲ್ಲಿ ಯಾವುದಾದರೂ ಮಾಲೀಕನಿಗೆ ತಿಳಿಯಲೇಬೇಕಾದ ಸಂಗತಿ. ಬಾಟಲಿ ಬಗ್ಗಿಸಿ ಮೇಲಿನ ಗೆರೆಯವರೆಗೆ ತುಂಬಿದವನು ಆ ಸುದ್ದಿಯನ್ನು ಅಳಿಸಿಹಾಕಿದ. ಆದ್ದರಿಂದಲೇ ನಾನು ಇದನ್ನು ಸಾಕ್ಷ್ಯನಾಶ ಎಂದು ಕರೆಯುತ್ತೇನೆ.

ಟಾಪ್-ಅಪ್ ಪಕ್ಷದವರು ಮೂರು ವಾದಗಳನ್ನು ಮುಂದಿಡುತ್ತಾರೆ. ಒಂದೊಂದಾಗಿ ನೋಡೋಣ.

ಮೊದಲನೆಯದು, “ಹಳೆಯ ಗಾಡಿ ಎಂದ ಮೇಲೆ ಸೋರದೆ ಇರುತ್ತದೆಯೇ?” ಎಂಬುದು. ಇದು ಅಂಬಾಸಿಡರ್ ಕಾಲದಿಂದ ಬಳುವಳಿಯಾಗಿ ಬಂದ ವೇದಾಂತ. 2014ರಲ್ಲಿ ತಯಾರಿಕೆ ನಿಂತ ಆ ಕಾರಿಗೆ ಬಹುಕಾಲ ಇದ್ದದ್ದು ಹಳೆಯ ಬ್ರಿಟಿಷ್ ವಿನ್ಯಾಸದ ಪೆಟ್ರೋಲ್ ಇಂಜಿನ್. ಅಂದಿನ ಅಂಥ ಇಂಜಿನ್ನುಗಳಲ್ಲಿ ಕ್ರ್ಯಾಂಕಿನ ಹಿಂತುದಿಯಲ್ಲಿ ಇಂದಿನಂತೆ ರಬ್ಬರಿನ ಸೀಲು ಇರುತ್ತಿರಲಿಲ್ಲ. ಹೊರಬರುವ ಎಣ್ಣೆಯನ್ನು ಒಳಕ್ಕೇ ಮರಳಿಸುವ ಒಂದು ಸುರುಳಿ ಗೀರು ಇರುತ್ತಿತ್ತು. ಇಂಜಿನ್ ತಿರುಗುವವರೆಗೂ ಅದು ತನ್ನ ಕೆಲಸ ಮಾಡುತ್ತಿತ್ತು, ನಿಂತಮೇಲೆ ನಾಲ್ಕು ಹನಿ ನೆಲಕ್ಕೆ ಬೀಳುತ್ತಿತ್ತು. ಅಂದಿನ ಸೋರಿಕೆಗೆ ಹೀಗೊಂದು ಕಾರಣವಿತ್ತು. ಇಂದಿನ ಇಂಜಿನ್ನುಗಳನ್ನು ಸೋರದಂತೆಯೇ ವಿನ್ಯಾಸಗೊಳಿಸಿರುತ್ತಾರೆ. ವಯಸ್ಸಾದ ಕಾರಿನಲ್ಲಿ ರಬ್ಬರು ಗಟ್ಟಿಯಾಗಿ ಬಿರಿಯುವುದು ಸಹಜ ನಿಜ. ಸಹಜವಾದದ್ದಕ್ಕೆಲ್ಲ ಚಿಕಿತ್ಸೆ ಬೇಡವೆನ್ನುವುದಾದರೆ ಕಣ್ಣಿನ ಪೊರೆಗೆ ನಾವೇಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತೇವೆ?

ಎರಡನೆಯದು, “ಏನಾದರೂ ಆದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುತ್ತದಲ್ಲ” ಎಂಬ ಧೈರ್ಯ. ಬಹುತೇಕ ಕಾರುಗಳಲ್ಲಿ ಎಣ್ಣೆಯ ಡಬ್ಬಿಯ ಚಿತ್ರವುಳ್ಳ ಆ ಕೆಂಪು ದೀಪ ತಿಳಿಸುವುದು ಎಣ್ಣೆಯ ಒತ್ತಡ ಕುಸಿದಿದೆ ಎಂಬುದನ್ನು. ಎಣ್ಣೆ ಸೋರಿ ಸೋರಿ ಪಂಪಿಗೆ ಎಟುಕದ ಮಟ್ಟಕ್ಕೆ ಇಳಿದ ಮೇಲೆಯೇ ಅದು ಉರಿಯುತ್ತದೆ. ಅಷ್ಟರಲ್ಲಿ ಒಳಗಿನ ಬೇರಿಂಗುಗಳು ಒಣಗಿ ಉಜ್ಜತೊಡಗಿರುತ್ತವೆ. ತಾಪಮಾನದ ಮುಳ್ಳಿನದೂ ಇದೇ ಕಥೆ. ಅದರ ಸಂವೇದಕ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ದ್ರವವೆಲ್ಲ ಬರಿದಾದಾಗ ಇಂಜಿನ್ ಸುಡುತ್ತಿದ್ದರೂ ಮುಳ್ಳು ನಡುವಿನಲ್ಲಿಯೇ ನಿಂತಿರಬಹುದು. ಇನ್ನು ಬ್ರೇಕಿನ ದೀಪ. ಅನೇಕ ಕಾರುಗಳಲ್ಲಿ ಹ್ಯಾಂಡ್ ಬ್ರೇಕಿಗೂ ಬ್ರೇಕ್ ದ್ರವದ ಕೊರತೆಗೂ ಒಂದೇ ದೀಪ. ಹ್ಯಾಂಡ್ ಬ್ರೇಕನ್ನು ನಾಲ್ಕು ಸಲ ಮೇಲೆ ಕೆಳಗೆ ಎಳೆದಾಡಿ, “ಯಾವುದೋ ವೈರಿಂಗ್ ತೊಂದರೆ” ಎಂದು ತೀರ್ಮಾನಿಸಿ ಘಟ್ಟವಿಳಿಯುವವರನ್ನು ನಾನು ಬಲ್ಲೆ.

ಮೂರನೆಯ ವಾದ ಎಲ್ಲಕ್ಕಿಂತ ಹಾನಿಕರವಾದದ್ದು. “ಅದು ಮೆಕ್ಯಾನಿಕ್ಕಿನ ಕೆಲಸ, ನಮಗೇಕೆ?” ರಿಪೇರಿ ಮೆಕ್ಯಾನಿಕ್ಕಿನ ಕೆಲಸವೆಂಬುದು ಒಪ್ಪಿದ ಮಾತು. ಆದರೆ ನೋಡುವುದು ಯಾರ ಕೆಲಸ? ಮಗುವಿಗೆ ಜ್ವರವೆಂದು ವೈದ್ಯರಲ್ಲಿಗೆ ಒಯ್ದಾಗ ಎಷ್ಟು ದಿನದಿಂದ, ಯಾವ ಹೊತ್ತಿನಲ್ಲಿ, ಕೆಮ್ಮು ಇದೆಯೇ ಎಂಬುದನ್ನು ತಾಯಿಯೇ ಹೇಳಬೇಕಷ್ಟೆ. ಕಾರು ರಾತ್ರಿಯೆಲ್ಲ ನಿಲ್ಲುವುದು ನಮ್ಮ ಅಂಗಳದಲ್ಲಿ. ಹನಿ ಬೀಳುವುದೂ ಅಲ್ಲಿಯೇ. ಗ್ಯಾರೇಜಿನವನಿಗೆ ಸಿಗುವುದು ಹಗಲಿನ ಎರಡು ಗಂಟೆ ಮಾತ್ರ. ಪ್ರೌಢಶಾಲೆಯಲ್ಲಿ ಬ್ಲೇಸ್ ಪ್ಯಾಸ್ಕಲನ (1623–1662) ನಿಯಮವನ್ನು ಬಾಯಿಪಾಠ ಮಾಡಿ, ಮುಚ್ಚಿದ ದ್ರವದ ಮೇಲಿನ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು ಬರೆದು, ಉದಾಹರಣೆಗೆ ಹೈಡ್ರಾಲಿಕ್ ಬ್ರೇಕಿನ ಚಿತ್ರವನ್ನೂ ಬಿಡಿಸಿ ಪೂರ್ಣ ಅಂಕ ಪಡೆದವರು ಇಂದು ದೊಡ್ಡ ದೊಡ್ಡ ಹುದ್ದೆಗಳಲ್ಲಿದ್ದಾರೆ. ಅವರ ಕಾರಿನ ಹಿಂಚಕ್ರದ ಒಳಬದಿಯಲ್ಲಿ ದ್ರವ ಜಿನುಗುತ್ತಿದ್ದರೆ ಅದೇ ನಿಯಮ ತಮ್ಮ ಪ್ರಾಣಕ್ಕೆ ಸಂಬಂಧಪಟ್ಟದ್ದೆಂದು ಅವರಿಗೆ ಹೊಳೆಯುವುದಿಲ್ಲ. ಕೊಳವೆಗೆ ತೂತು ಬಿದ್ದರೆ ಒತ್ತಡ ತೂತಿನಿಂದ ಹೊರಹೋಗುತ್ತದೆ, ಚಕ್ರಕ್ಕೆ ತಲುಪುವುದಿಲ್ಲ. ಪೆಡಲು ಮೆತ್ತಗಾಗಿ ನೆಲಕ್ಕೆ ಇಳಿಯುವುದು ಇದೇ ಕಾರಣದಿಂದ.

ಹಾಗಾದರೆ ಹನಿಯನ್ನು ಓದುವುದು ಹೇಗೆ? ಇದಕ್ಕೆ ಬೇಕಾದದ್ದು ಒಂದು ಬಿಳಿಯ ರಟ್ಟು ಅಥವಾ ಹಳೆಯ ದಿನಪತ್ರಿಕೆಯ ನಾಲ್ಕು ಹಾಳೆ. ರಾತ್ರಿ ಕಾರು ನಿಲ್ಲಿಸಿದ ಮೇಲೆ ಅಡಿಯಲ್ಲಿ ಹಾಸಿ, ಗಾಳಿಗೆ ಹಾರದಂತೆ ಕಲ್ಲಿಟ್ಟು, ಮುಂದಿನ ಚಕ್ರಗಳು ಎಲ್ಲಿವೆಯೆಂದು ಪೆನ್ಸಿಲ್ಲಿನಿಂದ ಗುರುತು ಮಾಡಿ. ಬೆಳಿಗ್ಗೆ ನೋಡಬೇಕಾದದ್ದು ಮೂರು: ಬಣ್ಣ, ವಾಸನೆ, ಜಾಗ.

ಮುಂಭಾಗದಲ್ಲಿ, ಸಾಮಾನ್ಯವಾಗಿ ಪ್ರಯಾಣಿಕರ ಕಡೆ, ಬಣ್ಣವೂ ವಾಸನೆಯೂ ಜಿಡ್ಡೂ ಇಲ್ಲದ ನೀರು ಬಿದ್ದಿದ್ದರೆ ಅದು ಎ.ಸಿ.ಯ ನೀರು. ಗಾಳಿಯಲ್ಲಿನ ತೇವ ತಣ್ಣಗಿನ ಸುರುಳಿಗೆ ತಾಗಿ ನೀರಾಗಿ ಹೊರಬಂದದ್ದು. ಮಂಗಳೂರು, ಉಡುಪಿಗಳ ಸೆಕೆಯಲ್ಲಿ ಇದು ಧಾರಾಳವಾಗಿ ಸುರಿಯುತ್ತದೆ, ಹೆದರಬೇಕಾಗಿಲ್ಲ. ಅದೇ ನೀರು ಕಾರಿನೊಳಗೆ ಕಾಲಡಿಯ ಮ್ಯಾಟನ್ನು ನೆನೆಸಿದರೆ ಹೊರಹೋಗುವ ಕೊಳವೆಯಲ್ಲಿ ಕಸ ಕಟ್ಟಿದೆಯೆಂದು ತಿಳಿಯಬೇಕು. ಮ್ಯಾಟು ಒದ್ದೆಯಾಗಿ ಸಿಹಿ ವಾಸನೆಯೂ ಬಂದು, ಮುಂದಿನ ಗಾಜು ಜಿಡ್ಡಿನಂತೆ ಮಸುಕಾದರೆ ಹೀಟರಿನ ಪುಟ್ಟ ರೇಡಿಯೇಟರ್ ಸೋರುತ್ತಿದೆ.

ಹಸಿರು, ಗುಲಾಬಿ, ನೀಲಿ ಅಥವಾ ಕಿತ್ತಳೆ ಬಣ್ಣದ, ತುಸು ಸಿಹಿಯಾದ ವಾಸನೆಯ ಹನಿ ಕೂಲೆಂಟು. ಒಣಗಿದರೆ ಬಣ್ಣದ ಹಕ್ಕಳೆ ಉಳಿಯುತ್ತದೆ. ಸಾಮಾನ್ಯವಾಗಿ ಇದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಸ್ವಭಾವದಲ್ಲಿ ವಿಷ. ಸ್ವಲ್ಪವೇ ನೆಕ್ಕಿದರೂ ನಾಯಿ, ಬೆಕ್ಕುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತವೆ. ಮಕ್ಕಳಿಗೂ ಅಪಾಯವೇ. ಬೀದಿಯಲ್ಲಿ ಕಾರು ನಿಲ್ಲಿಸಿ, ಕೆಳಗಿನ ಹಸಿರು ಮಡುವನ್ನು ಹಾಗೆಯೇ ಬಿಟ್ಟುಹೋಗುವ ಪ್ರಾಣಿಪ್ರಿಯರು ಇದನ್ನು ಗಮನಿಸಬೇಕು.

ಜೇನಿನ ಬಣ್ಣದಿಂದ ಹಿಡಿದು ಕಪ್ಪಿನವರೆಗೆ, ಬೆರಳಿಗೆ ಜಿಡ್ಡಾಗಿ ಹತ್ತುವುದು ಇಂಜಿನ್ ಎಣ್ಣೆ. ಇನ್ನೂ ಮಂದವಾಗಿದ್ದು ಗಂಧಕದಂಥ ಕೆಟ್ಟ ವಾಸನೆಯಿದ್ದರೆ ಗೇರ್ ಎಣ್ಣೆ. ಕೆಂಪಗಿದ್ದರೆ ಬಹುಮಟ್ಟಿಗೆ ಆಟೋಮ್ಯಾಟಿಕ್ ಗೇರಿನ ಅಥವಾ ಪವರ್ ಸ್ಟೀರಿಂಗಿನ ಎಣ್ಣೆ. ತೆಳುವಾಗಿ, ನಸುಹಳದಿ ಅಥವಾ ಕಂದಾಗಿ, ಚಕ್ರದ ಒಳಬದಿಯಲ್ಲೋ ಪೆಡಲಿನ ಬುಡದಲ್ಲೋ ಕಂಡರೆ ಬ್ರೇಕ್ ಅಥವಾ ಕ್ಲಚ್ಚಿನ ದ್ರವ. ಪೆಟ್ರೋಲಿನ ವಾಸನೆ ಬಂದರೆ ಪರೀಕ್ಷೆಗೆ ನಿಲ್ಲಬಾರದು. ಕಾರನ್ನು ಚಾಲೂ ಮಾಡದೆ, ಬೆಂಕಿಯನ್ನು ಹತ್ತಿರ ತರದೆ, ಎಲ್ಲರನ್ನೂ ದೂರ ಕಳಿಸಿ ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಬೇಕು.

ಎಣ್ಣೆಯೋ ಬ್ರೇಕ್ ದ್ರವವೋ ಎಂದು ಅನುಮಾನವಾದರೆ, ಅಡುಗೆಮನೆಗೆ ಮತ್ತೆ ಹೋಗದ ಹಳೆಯ ಸೀಸೆಯೊಂದರಲ್ಲಿ ನೀರು ತುಂಬಿ, ಕಡ್ಡಿಯಿಂದ ಒಂದು ಹನಿ ಬಿಡಿ. ಎಣ್ಣೆ ತೇಲಿ ಕಾಮನಬಿಲ್ಲಿನ ಬಣ್ಣದ ಪೊರೆಯಾಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ಬ್ರೇಕ್ ದ್ರವಗಳು ನೀರಿನಲ್ಲಿ ಬೆರೆತುಹೋಗುತ್ತವೆ. ಕೂಲೆಂಟೂ ಬೆರೆಯುತ್ತದೆ, ಆದರೆ ಬಣ್ಣ ಅದನ್ನು ಬಿಟ್ಟುಕೊಡುತ್ತದೆ. ಕೆಲವು ಹಳೆಯ ಚಾಲಕರಂತೆ ನಾಲಿಗೆಯಿಂದ ಪರೀಕ್ಷಿಸುವುದು ಮಾತ್ರ ಎಂದಿಗೂ ಕೂಡದು.

ಹನಿ ಯಾವುದೆಂದು ತಿಳಿದ ಮೇಲೆ ಅದು ಎಲ್ಲಿಂದ ಬಂತೆಂದು ಹುಡುಕಬೇಕು. ಟಾಪ್-ಅಪ್ಪಿನಷ್ಟೇ ದೊಡ್ಡ ಇನ್ನೊಂದು ಅನರ್ಥ ನಡೆಯುವುದು ಈ ಹಂತದಲ್ಲಿಯೇ. ಹನಿ ಬಿದ್ದ ಜಾಗವೇ ಸೋರಿದ ಜಾಗವೆಂದು ತಿಳಿಯುವುದು ದೊಡ್ಡ ಪ್ರಮಾದ. ದ್ರವ ಮೇಲಿನಿಂದ ಕೆಳಗಿಳಿಯುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದಕಾರಣ ಮೂಲವನ್ನು ಹನಿಗಿಂತ ಮೇಲೆ, ಹನಿಗಿಂತ ಮುಂದೆ ಹುಡುಕಬೇಕು.

ನನ್ನ ಸಹೋದ್ಯೋಗಿಯಾಗಿದ್ದ ಒಬ್ಬರ ಕಾರಿನಲ್ಲಿ ಇಂಜಿನ್ನೂ ಗೇರ್ ಬಾಕ್ಸೂ ಕೂಡುವ ಸಂದಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಒಂದು ಗ್ಯಾರೇಜಿನವರು ಕೆಳಗಿನಿಂದ ಒಮ್ಮೆ ಇಣುಕಿ, ಹಿಂದಿನ ಆಯಿಲ್ ಸೀಲು ಹೋಗಿದೆ, ಗೇರ್ ಬಾಕ್ಸನ್ನೇ ಇಳಿಸಬೇಕು ಎಂದು ಬರೆದುಕೊಟ್ಟರು. ಅವರು ಆ ಚೀಟಿಯನ್ನು ಹಿಡಿದುಕೊಂಡು, ನಮ್ಮ ಶಾಲೆಯಲ್ಲಿ ಓದಿ ಈಗ ಸಣ್ಣದೊಂದು ವರ್ಕ್‌ಶಾಪ್ ನಡೆಸುತ್ತಿರುವ ಹುಡುಗನ ಬಳಿಗೆ ನನ್ನನ್ನೂ ಕರೆದೊಯ್ದರು.

“ಏನಪ್ಪಾ, ಗೇರ್ ಬಾಕ್ಸ್ ಇಳಿಸಲೇಬೇಕೇ?” ಎಂದು ನಾನು ಕೇಳಿದೆ.

“ಮೊದಲು ತೊಳೆದು ನೋಡೋಣ, ಸಾರ್. ಕೊಳೆಯ ಮೇಲೆ ಯಾವ ಸೋರಿಕೆಯೂ ಕಾಣುವುದಿಲ್ಲ” ಎಂದ.

ಇಂಜಿನ್ನಿನ ಹೊರಮೈಯನ್ನು ಒರೆಸಿ ಒಣಗಿಸಿ, ಅನುಮಾನವಿದ್ದ ಜಾಗಗಳಿಗೆಲ್ಲ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿದ. ಸ್ವಲ್ಪ ದೂರ ಓಡಿಸಿಕೊಂಡು ಬಂದು, ಇಂಜಿನ್ ಆರಿಸಿ, ಟಾರ್ಚ್ ಬಿಟ್ಟು ತೋರಿಸಿದ. ಮೇಲುಗಡೆಯ ಟ್ಯಾಪೆಟ್ ಕವರಿನ ಹಿಂಬದಿಯಿಂದ ಒಂದು ಸಣ್ಣ ಗೆರೆ ಪೌಡರನ್ನು ನೆನೆಸಿಕೊಂಡು, ಇಂಜಿನ್ನಿನ ಬೆನ್ನಿನ ಮೇಲೆ ಇಳಿದು, ಗೇರ್ ಬಾಕ್ಸಿನ ಸಂದಿಗೆ ಸೇರಿತ್ತು. ಬೇಕಾಗಿದ್ದದ್ದು ಕೆಲವೇ ನೂರು ರೂಪಾಯಿಯ ಒಂದು ಪ್ಯಾಕಿಂಗ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನೆನಪಾಯಿತು. ಇಲ್ಲಿ ಎಮ್ಮೆಗೆ ಬರೆ ಹಾಕಲು ಸಾವಿರಾರು ರೂಪಾಯಿಯ ಬಿಲ್ಲೂ ಸಿದ್ಧವಾಗಿತ್ತು.

ಟಾಪ್-ಅಪ್ ಮಾಡುವ ಗ್ಯಾರೇಜು, ನೋಡದೆಯೇ ಎಲ್ಲವನ್ನೂ ಬಿಚ್ಚುವ ಗ್ಯಾರೇಜು, ಇವೆರಡೂ ಒಂದೇ ಸೋಮಾರಿತನದ ಎರಡು ಮುಖಗಳು. ನಿದಾನ ಎಂಬ ಶಬ್ದಕ್ಕೆ ಆಯುರ್ವೇದದಲ್ಲಿ ರೋಗದ ಕಾರಣವನ್ನು ಹುಡುಕುವುದು ಎಂಬ ಅರ್ಥವಿದೆ. ನಿದಾನವಿಲ್ಲದ ಚಿಕಿತ್ಸೆಗೆ ಹಣ ಕೊಡುವುದನ್ನು ಗ್ರಾಹಕರಾದ ನಾವು ನಿಲ್ಲಿಸಬೇಕು. “ಬಿಚ್ಚುವ ಮೊದಲು ಸೋರುವ ಜಾಗವನ್ನು ನನಗೆ ತೋರಿಸಿ, ಬದಲಾಯಿಸಿದ ಹಳೆಯ ಭಾಗವನ್ನು ನನ್ನ ಕೈಗೆ ಕೊಡಿ” ಎಂದು ಕೇಳಿದರೆ ಪ್ರಾಮಾಣಿಕ ಮೆಕ್ಯಾನಿಕ್ ಬೇಸರಪಡುವುದಿಲ್ಲ.

ರಿಪೇರಿಯಲ್ಲಿಯೂ ಒಂದು ಕ್ರಮವಿದೆ. ಅಗ್ಗದ್ದನ್ನು, ಕೈಗೆ ಸಿಗುವುದನ್ನು ಮೊದಲು ನೋಡಬೇಕು. ಎಣ್ಣೆ ಬದಲಾಯಿಸಿದ ಮರುದಿನವೇ ಸೋರಿಕೆ ಕಂಡರೆ ಡ್ರೈನ್ ಪ್ಲಗ್ಗಿನ ವಾಷರನ್ನೂ ಫಿಲ್ಟರಿನ ರಬ್ಬರನ್ನೂ ನೋಡಿ. ಹಳೆಯ ಫಿಲ್ಟರಿನ ರಬ್ಬರು ಇಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದನ್ನು ಕೂರಿಸಿದರೆ ಎಣ್ಣೆ ಧಾರೆಯಾಗಿ ಹೋಗುತ್ತದೆ. ಹಲವು ಕಡೆ ಒಟ್ಟಿಗೇ ಎಣ್ಣೆ ಜಿನುಗುತ್ತಿದ್ದರೆ ಸೀಲುಗಳನ್ನು ದೂರುವ ಮೊದಲು ಇಂಜಿನ್ ಉಸಿರಾಡುವ ಪಿ.ಸಿ.ವಿ. ವಾಲ್ವನ್ನು ಪರೀಕ್ಷಿಸಬೇಕು. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಹೆಚ್ಚಿ, ಚೆನ್ನಾಗಿರುವ ಸೀಲುಗಳಿಂದಲೂ ಎಣ್ಣೆ ಹೊರಕ್ಕೆ ನುಗ್ಗುತ್ತದೆ. ಆ ಸ್ಥಿತಿಯಲ್ಲಿ ಹೊಸ ಸೀಲು ಹಾಕಿದರೂ ಅದು ಮತ್ತೆ ಸೋರುತ್ತದೆ. ಪ್ಯಾಕಿಂಗ್ ಬದಲಿಗೆ ಸಿಲಿಕಾನ್ ಗಮ್ಮನ್ನು ಧಾರಾಳವಾಗಿ ಮೆತ್ತುವುದೂ ತಪ್ಪು. ಒಳಗೆ ಚಾಚಿಕೊಂಡ ಗಮ್ಮಿನ ಚೂರು ಕಿತ್ತು ಬಂದು ಎಣ್ಣೆ ಹೀರುವ ಜಾಲರಿಯನ್ನು ಮುಚ್ಚಬಲ್ಲದು.

ಕೂಲೆಂಟಿನ ಸೋರಿಕೆಗೆ ಪ್ರೆಷರ್ ಟೆಸ್ಟ್ ಇದೆ. ಇಂಜಿನ್ ತಣ್ಣಗಿರುವಾಗ ಕೈಪಂಪಿನಿಂದ ರೇಡಿಯೇಟರಿನ ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು, ಮುಳ್ಳು ಇಳಿಯುತ್ತದೆಯೇ ಎಂದು ನೋಡುವುದು. ಬಿಸಿ ಇಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ವಾಟರ್ ಪಂಪಿನ ಮೈಯಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ರಂಧ್ರವಿರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಅಳುವ ರಂಧ್ರ ಎಂಬರ್ಥದಲ್ಲಿ ‘ವೀಪ್ ಹೋಲ್’ ಎನ್ನುತ್ತಾರೆ. ಒಳಗಿನ ಸೀಲು ಕೆಟ್ಟಾಗ ನೀರು ಬೇರಿಂಗಿಗೆ ನುಗ್ಗದೆ ಹೊರಬಂದು ಸುಳಿವು ಕೊಡಲೆಂದೇ ಅದನ್ನು ಇಟ್ಟಿರುವುದು. ಅದಕ್ಕೆ ಎಂ-ಸೀಲ್ ಮೆತ್ತಿ ಮುಚ್ಚಿದ ಮಹಾನುಭಾವರೂ ಇದ್ದಾರೆ! ನೆಲದ ಮೇಲೆ ಒಂದು ಹನಿಯೂ ಇಲ್ಲದೆ ಕೂಲೆಂಟು ಇಳಿಯುತ್ತಿದ್ದರೆ ಇನ್ನೂ ಎಚ್ಚರವಿರಲಿ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಹಾಲು ಬೆರೆಸಿದಂತೆ ಕಂಡರೆ, ಬಿಳಿಯ ಹೊಗೆ ನಿಲ್ಲದೆ ಬಂದರೆ, ಹೆಡ್ ಗ್ಯಾಸ್ಕೆಟ್ಟಿನ ಮೂಲಕ ಒಳಗೊಳಗೇ ಸೋರುತ್ತಿರಬಹುದು. ಕೂಲೆಂಟಿನ ಬದಲಿಗೆ ಬೋರ್‌ವೆಲ್ಲಿನ ನೀರು ತುಂಬುವ ನಮ್ಮ ಬಯಲುಸೀಮೆಯ ಅಭ್ಯಾಸವೂ ಸೋರಿಕೆಯ ಒಂದು ತವರು. ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳಿಯ ಪೊರೆಯೇ ರೇಡಿಯೇಟರಿನೊಳಗೂ ಕಟ್ಟುತ್ತದೆ, ಬರಿಯ ನೀರು ಲೋಹವನ್ನು ತುಕ್ಕು ಹಿಡಿಸುತ್ತದೆ.

ರೇಡಿಯೇಟರಿಗೆ ಅರಿಶಿನದ ಪುಡಿ, ಪೆಟ್ರೋಲ್ ಟ್ಯಾಂಕಿನ ಬಿರುಕಿಗೆ ಸೋಪಿನ ಬಿಲ್ಲೆ — ಇವು ನಮ್ಮ ಲಾರಿ ಚಾಲಕರ ಜಾಣ್ಮೆ. ನಡುರಾತ್ರಿ, ಊರಿಲ್ಲದ ಹೆದ್ದಾರಿಯಲ್ಲಿ ಮುಂದಿನ ಗ್ಯಾರೇಜಿನವರೆಗೆ ತಲುಪಲು ಅವರು ಕಂಡುಕೊಂಡ ಪ್ರಥಮ ಚಿಕಿತ್ಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮನೆಯ ಪಕ್ಕದಲ್ಲಿಯೇ ವರ್ಕ್‌ಶಾಪ್ ಇರುವ ನಗರವಾಸಿ ಅದೇ ಅರಿಶಿನದ ಮೇಲೆ ವರ್ಷಗಟ್ಟಲೆ ಕಾರು ಓಡಿಸುವುದು ಜಾಣ್ಮೆಯಲ್ಲ, ಜಿಪುಣತನ. ಸೋರಿಕೆ ನಿಲ್ಲಿಸುವುದಾಗಿ ಹೇಳುವ ಅಂಗಡಿಯ ಬಾಟಲಿಗಳಿಗೂ ಇದೇ ಮಾತು. ತೂತನ್ನು ಮುಚ್ಚುವ ಪದಾರ್ಥ ರೇಡಿಯೇಟರಿನ ಸಣ್ಣ ನಾಳಗಳನ್ನೂ ಮುಚ್ಚಬಲ್ಲದು.

ಬ್ರೇಕ್ ದ್ರವದ ಸೋರಿಕೆಗೆ ಮಾತ್ರ ಪ್ರಥಮ ಚಿಕಿತ್ಸೆಯೆಂಬುದೇ ಇಲ್ಲ. ಕಾರು ಅಲ್ಲಿಯೇ ನಿಲ್ಲಬೇಕು, ಎಳೆದುಕೊಂಡೇ ಹೋಗಬೇಕು. ಇಂದಿನ ಕಾರುಗಳಲ್ಲಿ ಎರಡು ಪ್ರತ್ಯೇಕ ಬ್ರೇಕ್ ಜಾಲಗಳಿವೆ, ಒಂದು ಹೋದರೂ ಇನ್ನೊಂದು ಉಳಿಯುತ್ತದೆ ಎಂಬುದು ನಿಜ. ಅದು ಕಾರನ್ನು ನಿಲ್ಲಿಸಲೆಂದು ಕೊಟ್ಟ ಕೊನೆಯ ಅವಕಾಶ, ಆಗುಂಬೆಯ ತಿರುವುಗಳನ್ನೋ ಚಾರ್ಮಾಡಿಯನ್ನೋ ಇಳಿಯಲು ಕೊಟ್ಟ ಪರವಾನಗಿಯಲ್ಲ. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದ್ರವದ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ ಅದರ ಕನಿಷ್ಠ ಮಾನದಂಡ 155 ಡಿಗ್ರಿ. ಕಪಾಟಿನಲ್ಲಿ ವರ್ಷದಿಂದ ತೆರೆದಿಟ್ಟ ಬಾಟಲಿಯಿಂದ ಟಾಪ್-ಅಪ್ ಮಾಡಿದವನು ಸೋರಿಕೆಯನ್ನು ಮರೆಮಾಚಿದ್ದಲ್ಲದೆ ನೀರನ್ನೂ ಬೆರೆಸಿದ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕಾದಾಗ ಆ ನೀರು ಹಬೆಯಾಗುತ್ತದೆ. ಹಬೆಯನ್ನು ಒತ್ತಿ ಕುಗ್ಗಿಸಬಹುದು, ದ್ರವವನ್ನು ಕುಗ್ಗಿಸಲಾಗದು. ಪೆಡಲು ಒತ್ತಿದರೂ ಕಾರು ನಿಲ್ಲದಿರುವುದು ಹೀಗೆ.

ಇದು ಕೇವಲ ಮಾಲೀಕನ ಸ್ವಂತ ವಿಷಯವೆಂದು ಕಾನೂನೂ ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 190ನೆಯ ಕಲಮಿನ ಪ್ರಕಾರ, ಸಾರ್ವಜನಿಕರಿಗೆ ಅಪಾಯ ತರುವಂಥ ದೋಷವುಳ್ಳ ವಾಹನವನ್ನು ಓಡಿಸುವುದು ಅಪರಾಧ. ದೋಷ ತಿಳಿದಿದ್ದರೆ ಮಾತ್ರವಲ್ಲ, ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದರೂ ಸಾಕು. “ನನಗೆ ಗೊತ್ತಿರಲಿಲ್ಲ” ಎಂಬ ಉತ್ತರಕ್ಕೆ ಅಲ್ಲಿ ಜಾಗವಿಲ್ಲ. ಹಾಗೆಯೇ, ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೇರಿದೆ. 2024ರ ಏಪ್ರಿಲ್ 1ರಿಂದ ಅದನ್ನು ಮರಳಿ ಸಂಸ್ಕರಿಸುವ ಹೊಣೆಯನ್ನು ಉತ್ಪಾದಕರ ಮೇಲೂ ಹೊರಿಸಲಾಗಿದೆ. ನಿಯಮ ಹೀಗಿರುವಾಗ, ಅಂಗಳದ ಎಣ್ಣೆಯನ್ನು ಪೈಪಿನ ನೀರಿನಿಂದ ಚರಂಡಿಗೆ ತೊಳೆದುಬಿಡುವುದು ಯಾವ ನಾಗರಿಕತೆ? ಮರದ ಹೊಟ್ಟನ್ನೋ ಒಣಮರಳನ್ನೋ ಹರಡಿ, ಹೀರಿಕೊಂಡ ಮೇಲೆ ಬೇರೆಯಾಗಿ ಗೋಣಿಯಲ್ಲಿ ಕಟ್ಟಿ, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡುವುದು ಕಷ್ಟವೇನಲ್ಲ.

“ಇನ್ನು ಮುಂದೆ ವಿದ್ಯುತ್ ಕಾರುಗಳ ಕಾಲ, ಈ ಉಪದೇಶವೆಲ್ಲ ಹಳತಾಯಿತು” ಎನ್ನುವವರಿಗೆ ಒಂದು ಮಾತು. ವಿದ್ಯುತ್ ಕಾರಿಗೂ ಬ್ರೇಕ್ ದ್ರವವಿದೆ. ಹಲವು ವಿದ್ಯುತ್ ಕಾರುಗಳ ಬ್ಯಾಟರಿಯನ್ನು ತಂಪಾಗಿಡುವುದೂ ಕೂಲೆಂಟೇ.

ಕೊನೆಯದಾಗಿ ನನ್ನ ವಿನಂತಿ. ಜಾಕ್ ಮಾತ್ರ ಕೊಟ್ಟ ಕಾರಿನ ಅಡಿಗೆ ಯಾರೂ ನುಸುಳಬೇಡಿ, ಅದು ಜಾರಿದರೆ ಪ್ರಾಣವೇ ಹೋದೀತು. ರಿಪೇರಿಯನ್ನು ಬಲ್ಲವರೇ ಮಾಡಲಿ. ನಿಮ್ಮ ಪಾಲಿಗೆ ಉಳಿಯುವುದು ವಾರಕ್ಕೊಮ್ಮೆ ಬಾನೆಟ್ ತೆರೆದು ನಾಲ್ಕು ಮಟ್ಟಗಳನ್ನು ನೋಡಿ ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡುವುದು, ತಿಂಗಳಿಗೊಮ್ಮೆ ಕಾರಿನಡಿ ಕಾಗದ ಹಾಸುವುದು. ಮನೆಯಲ್ಲಿ ಪ್ರೌಢಶಾಲೆಗೆ ಹೋಗುವ ಮಕ್ಕಳಿದ್ದರೆ ಅವರನ್ನೂ ಜೊತೆಗೆ ಕರೆಯಿರಿ. ಪ್ಯಾಸ್ಕಲನ ನಿಯಮ ಅವರಿಗೆ ಅಲ್ಲಿ ಬೇಗ ಅರ್ಥವಾಗುತ್ತದೆ. ಮುಂದಿನ ಸಲ ಯಾರಾದರೂ ಬಾಟಲಿ ಹಿಡಿದು “ಸ್ವಲ್ಪ ಟಾಪ್-ಅಪ್ ಮಾಡಿಬಿಡಲೇ, ಸಾರ್?” ಎಂದು ಕೇಳಿದರೆ, “ಮೊದಲು ಎಲ್ಲಿಗೆ ಹೋಯಿತೆಂದು ಹೇಳಪ್ಪಾ, ಆಮೇಲೆ ಸುರಿ” ಎಂದು ಉತ್ತರ ಕೊಡಿ.